ಅಮ್ಮಾ, ಅದು ಗ್ಯಾಸ್ ಅಲ್ಲ, ಪಾಪ್‌ಕಾರ್ನ್!

ಕಳೆದ ದೀಪಾವಳಿಗೆ ಆಫೀಸಿನಲ್ಲಿ ಕೊಟ್ಟ ಗಿಫ್ಟ್ ಬಾಕ್ಸ್‌ನಲ್ಲಿ ಬಾದಾಮಿ ಮತ್ತು ಮೇಣದಬತ್ತಿಯ ಜೊತೆಗೆ ಒಂದು ಪುಟ್ಟ ಬಾಟಲಿ ಟ್ರಫಲ್ ಆಯಿಲ್, ಒಂದು ಡಬ್ಬಿ ಟ್ರಫಲ್ ಉಪ್ಪು ಇತ್ತು. ಟ್ರಫಲ್ ಅಂದ್ರೆ ನನಗೆ ಅಲ್ಲಿವರೆಗೆ ಗೊತ್ತಿದ್ದದ್ದು ಬೇಕರಿಯ ಚಾಕೊಲೇಟ್ ಉಂಡೆ ಮಾತ್ರ. ಆ ಚಾಕೊಲೇಟಿಗೆ ಈ ಹೆಸರು ಬಂದದ್ದೇ ನಿಜವಾದ ಟ್ರಫಲ್‌ನ ಹಾಗೆ ಕಾಣುತ್ತದೆ ಅಂತ. ನಿಜವಾದ ಟ್ರಫಲ್ ಮಣ್ಣಿನೊಳಗೆ ಬೆಳೆಯುವ ಒಂದು ಶಿಲೀಂಧ್ರ, ಅಣಬೆಯ ದೂರದ ನೆಂಟ.

ಆ ವಾರ ಅಮ್ಮ ಕಾರ್ಕಳದಿಂದ ಬಂದಿದ್ದರು. ರಾತ್ರಿ ಸಿನಿಮಾ ನೋಡೋಣ ಅಂತ ಪಾಪ್‌ಕಾರ್ನ್ ಮಾಡಿ, ಬಿಸಿ ಬೆಣ್ಣೆಗೆ ಎರಡು ಚಮಚ ಟ್ರಫಲ್ ಎಣ್ಣೆ ಸುರಿದೆ. ಮಲಗಿದ್ದ ಅಮ್ಮ ಎದ್ದು ಓಡಿ ಬಂದರು.

"ಎಂತ ಮಾರಾಯ, ಗ್ಯಾಸ್ ಲೀಕ್ ಆಗ್ತಾ ಉಂಟು! ಮೊದ್ಲು ಸಿಲಿಂಡರ್ ಬಂದ್ ಮಾಡು!"

ನಾನೂ ನನ್ನ ಹೆಂಡತಿಯೂ ನಕ್ಕು ನಕ್ಕು ಸುಸ್ತಾದೆವು. ಆಮೇಲೆ ಓದಿ ನೋಡಿದರೆ, ಅಮ್ಮನ ಮೂಗು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇರೋದಿಲ್ಲ. ಸೋರಿದರೆ ಗೊತ್ತಾಗಲಿ ಅಂತ ಅದಕ್ಕೆ ಈಥೈಲ್ ಮರ್ಕ್ಯಾಪ್ಟಾನ್ ಎಂಬ ಗಂಧಕದ ಸಂಯುಕ್ತ ಸೇರಿಸುತ್ತಾರೆ. ಟ್ರಫಲ್ ಎಣ್ಣೆಯ ಘಮಕ್ಕೆ ಕಾರಣವಾದ 2,4-ಡೈಥಯಾಪೆಂಟೇನ್ ಕೂಡ ಗಂಧಕದ ಸಂಯುಕ್ತವೇ. ಇಂಥವುಗಳನ್ನು ನಮ್ಮ ಮೂಗು ತೀರಾ ಕಡಿಮೆ ಪ್ರಮಾಣದಲ್ಲೂ ಹಿಡಿದುಬಿಡುತ್ತದೆ. ನಮ್ಮ ಇಂಗು, ಬೆಳ್ಳುಳ್ಳಿಗಳ ಗಾಟಿನ ಹಿಂದೆ ಇರೋದೂ ಗಂಧಕವೇ.

ಇನ್ನೊಂದು ವಿಷಯ ನಿಮಗೆ ಸ್ವಲ್ಪ ಬೇಸರ ತರಬಹುದು, ನನಗಂತೂ ತಂದಿತು. ಮಾರುಕಟ್ಟೆಯ ಹೆಚ್ಚಿನ ಟ್ರಫಲ್ ಎಣ್ಣೆಗಳಿಗೆ ಘಮ ಬರೋದು ಟ್ರಫಲ್‌ನಿಂದಲ್ಲ, ಪ್ರಯೋಗಾಲಯದಲ್ಲಿ ತಯಾರಿಸಿದ ಇದೇ ಸಂಯುಕ್ತದಿಂದ. ಇಟಲಿಯ ಬಿಳಿ ಟ್ರಫಲ್‌ನಲ್ಲೂ ಅದು ಇದೆ ನಿಜ, ಆದರೆ ಅಲ್ಲಿ ಜೊತೆಗೆ ಇನ್ನೂ ಎಷ್ಟೋ ಘಮಗಳು ಇರುತ್ತವೆ. ಬಾಟಲಿಯಲ್ಲಿ ಇರೋದು ಒಂಟಿ ವಾದ್ಯದ ಕಛೇರಿ. ಲೇಬಲ್ ಮೇಲೆ 'ಫ್ಲೇವರ್', 'ಅರೋಮಾ' ಅಂತ ಇದ್ದರೆ ವಿಷಯ ಅರ್ಥ ಮಾಡ್ಕೊಳ್ಳಿ. ಉಪ್ಪಿನ ಡಬ್ಬಿಯಲ್ಲಾದರೆ ಒಣಗಿದ ಟ್ರಫಲ್ ಎಷ್ಟು ಶೇಕಡಾ ಇದೆ ಅಂತ ಹಿಂಬದಿ ನೋಡಿ. ಇದು ಮೋಸ ಅಂತ ನಾನು ಹೇಳಲ್ಲ. ವೆನಿಲಾ ಐಸ್‌ಕ್ರೀಂ ತಿನ್ನುವಾಗ ನಾವು ಯಾರು ಇಷ್ಟು ತಲೆಕೆಡಿಸಿಕೊಳ್ತೀವಿ? ಆದರೆ ಕೊಡುವ ದುಡ್ಡು ಯಾವುದಕ್ಕೆ ಅಂತ ಗೊತ್ತಿರಬೇಕು.

ಅಸಲಿ ಟ್ರಫಲ್ ಓಕ್, ಹೇಜಲ್ ಮುಂತಾದ ಮರಗಳ ಬೇರುಗಳ ಜೊತೆ ಬೆಳೆಯುತ್ತದೆ. ಬಿಳಿಯದಕ್ಕೆ ಇಟಲಿಯ ಆಲ್ಬಾ, ಕಪ್ಪಿನದಕ್ಕೆ ಫ್ರಾನ್ಸಿನ ಪೆರಿಗಾರ್ ಹೆಸರುವಾಸಿ. ಹಿಂದೆ ಹುಡುಕೋಕೆ ಹಂದಿಗಳನ್ನು ಕರೆದೊಯ್ಯುತ್ತಿದ್ದರು. ಹಂದಿ ಸಿಕ್ಕಿದ್ದನ್ನು ತಾನೇ ತಿಂದುಬಿಡುತ್ತೆ, ಹಾಗಾಗಿ ಈಗ ತರಬೇತಿ ಕೊಟ್ಟ ನಾಯಿಗಳು. ಇಟಲಿಯ ಈ ಟ್ರಫಲ್ ಹುಡುಕಾಟದ ವಿದ್ಯೆಯನ್ನು 2021ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮ ಕಲ್ಲಣಬೆಯ ಹಾಗೆ ಅಲ್ವಾ?" ಅಂದರು. ಕರಾವಳಿಯವರಿಗೆ ಗೊತ್ತಿರುತ್ತೆ. ಮೊದಲ ಗುಡುಗು ಮಳೆ ಬಿದ್ದ ಮೇಲೆ ಮುರಕಲ್ಲಿನ ಗುಡ್ಡಗಳಲ್ಲಿ ಮಣ್ಣು ಕೆದಕಿದರೆ ಸಿಗುವ ಗೋಲಿಯಂಥ ಅಣಬೆ ಅದು, ತುಳುವಿನಲ್ಲಿ ಕಲ್ಲಲಾಂಬು. ಸೀಸನ್ ಕೆಲವೇ ವಾರ, ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತೆ. ಮಣ್ಣು ಹೋಗುವ ತನಕ ನೀರು ಬದಲಿಸಿ ಬದಲಿಸಿ ತೊಳೆದು, ಎರಡಾಗಿ ಕತ್ತರಿಸಿ, ಒಳಗೆ ಬೆಳ್ಳಗಿದ್ದರೆ ಪಾತ್ರೆಗೆ, ಕಪ್ಪಾಗಿದ್ದರೆ ಕಸಕ್ಕೆ. ಟ್ರಫಲ್‌ಗೂ ಇದಕ್ಕೂ ವಂಶದ ಸಂಬಂಧ ಇಲ್ಲ. ಆದರೆ ಮಣ್ಣು ಕೆದಕಿ ತೆಗೆದ ಗುಂಡನೆಯ ವಸ್ತುವಿಗೆ ಕೇಳಿದಷ್ಟು ದುಡ್ಡು ಕೊಡುವ ಜನ ಇಟಲಿಯಲ್ಲಿ ಮಾತ್ರ ಇಲ್ಲ ನೋಡಿ.

ಸರಿ, ಅಡುಗೆಮನೆಗೆ ಬರೋಣ. ಮೊದಲ ಪ್ರಯೋಗ ನಿಪ್ಪಟ್ಟು. ಹಿಟ್ಟಿಗೇ ಒಂದು ಚಮಚ ಎಣ್ಣೆ ಕಲಸಿ ಕರಿದೆ. ಘಮವೆಲ್ಲ ಬಾಣಲೆಯಿಂದ ಮೇಲೆದ್ದು ಪಕ್ಕದ ಫ್ಲ್ಯಾಟ್‌ಗೆ ಹೋಯಿತು, ನಿಪ್ಪಟ್ಟಿನಲ್ಲಿ ಏನೂ ಉಳಿಯಲಿಲ್ಲ. ಈ ಘಮ ಬಿಸಿಗೆ ಹಾರಿಹೋಗುತ್ತದೆ, ಹಾಗಾಗಿ ಟ್ರಫಲ್ ಎಣ್ಣೆಯನ್ನು ಒಲೆಯ ಮೇಲೆ ಇಡಲೇಬಾರದು. ಕರಿದ ಮೇಲೆ ಸವರಿಯೂ ನೋಡಿದೆ. ಶೇಂಗಾ, ಎಳ್ಳು, ಕರಿಬೇವಿನ ಜೊತೆ ಅದು ಜಗಳಕ್ಕೇ ನಿಂತಿತು. ಚುರುಮುರಿಯೂ ಬೇಡ, ಹಸಿ ಈರುಳ್ಳಿ ಮತ್ತು ನಿಂಬೆರಸದ ಮುಂದೆ ಟ್ರಫಲ್ ಕೇಳಿಸೋದೇ ಇಲ್ಲ. ಅದಕ್ಕೆ ಬೇಕಾಗಿರೋದು ಸಪ್ಪೆಯ, ಸ್ವಲ್ಪ ಜಿಡ್ಡಿನ ಜೊತೆಗಾರ: ಆಲೂಗಡ್ಡೆ, ಮೊಟ್ಟೆ, ಚೀಸ್, ಬೆಣ್ಣೆ.

ನಮ್ಮ ಮನೆಯಲ್ಲಿ ಗೆದ್ದದ್ದು ಮಖಾನಾ. ಎರಡು ಕಪ್ ಮಖಾನಾವನ್ನು ಒಂದು ದೊಡ್ಡ ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಹುರಿಯಿರಿ. ಬೆರಳಲ್ಲಿ ಒತ್ತಿದರೆ ಪಟ್ ಅಂತ ಮುರಿಯಬೇಕು. ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಅರ್ಧ ಟೀ ಚಮಚ ಟ್ರಫಲ್ ಎಣ್ಣೆ, ಕಾಳುಮೆಣಸಿನ ಪುಡಿ, ಚಿಟಿಕೆ ಟ್ರಫಲ್ ಉಪ್ಪು ಹಾಕಿ ಕುಲುಕಿ. ಅರ್ಧ ಅಂದರೆ ಅರ್ಧವೇ, ನನ್ನ ಹಾಗೆ ಎರಡು ಚಮಚ ಸುರಿಯಬೇಡಿ. ಪಾಪ್‌ಕಾರ್ನ್‌ಗೂ ಇದೇ ಲೆಕ್ಕ, ಎಣ್ಣೆಯನ್ನು ಕರಗಿದ ಬೆಣ್ಣೆಗೆ ಬೆರೆಸಿಕೊಂಡರೆ ಎಲ್ಲ ಕಡೆ ಹರಡುತ್ತೆ. ಉಪ್ಪಿನ ಅತ್ಯುತ್ತಮ ಉಪಯೋಗ ಕಂಡುಹಿಡಿದದ್ದು ಅಮ್ಮ. ಬಿಸಿ ಅಕ್ಕಿ ಸಂಡಿಗೆಯ ಮೇಲೆ ಉದುರಿಸಿ, "ಇದು ಅಡ್ಡಿಲ್ಲ" ಅಂದರು. ಅವರ ಬಾಯಲ್ಲಿ ಅದು ಹತ್ತಕ್ಕೆ ಒಂಬತ್ತು ಅಂಕ.

ಅಮ್ಮ ಊರಿಗೆ ಹೋಗಿ ಹತ್ತು ದಿನವಾಗಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ನಾನು ಕಾಲ್‌ನಲ್ಲಿದ್ದೆ. "ಏನೋ ವಾಸನೆ ಬರ್ತಿದೆ ಕಣೋ" ಅಂದಳು ಹೆಂಡತಿ. "ಸಂಜೆ ಮಾಡಿದ ಮಖಾನಾ" ಅಂದೆ, ತಲೆ ಎತ್ತಲಿಲ್ಲ. ಕಾಲು ಗಂಟೆ ಬಿಟ್ಟು ಮತ್ತೆ ಹೇಳಿದಳು. ಆಗಲೂ ನಾನು, "ಅಮ್ಮನ ಥರ ಆಡಬೇಡ" ಅಂದೆ. ಅವಳು ನನ್ನ ಮಾತು ಕೇಳದೆ ಹೋಗಿ ನೋಡಿದಳು. ಟ್ರಫಲ್ ಬಾಟಲಿ ಮುಚ್ಚಿ ಬೀರುವಿನಲ್ಲಿತ್ತು. ವಾಸನೆ ಬರ್ತಿದ್ದದ್ದು ಒಲೆಯ ಕೆಳಗಿನಿಂದ.

ರಬ್ಬರ್ ಟ್ಯೂಬ್ ರೆಗ್ಯುಲೇಟರ್ ಹತ್ತಿರ ಬಿರುಕು ಬಿಟ್ಟಿತ್ತು. ಲೈಟಿನ ಸ್ವಿಚ್ ಯಾವುದನ್ನೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಇಬ್ಬರೂ ಮೆಟ್ಟಿಲಿಳಿದು ಕೆಳಗೆ ಹೋದೆವು. ಅಲ್ಲಿಂದ 1906ಕ್ಕೆ ಫೋನ್ ಮಾಡಿದ್ದಾಯಿತು. ಅದು ಎಲ್‌ಪಿಜಿ ಸೋರಿಕೆಗೆ ಇರುವ ತುರ್ತು ಸಂಖ್ಯೆ, ಸೇವ್ ಮಾಡಿಟ್ಟುಕೊಳ್ಳಿ. ಟ್ಯೂಬ್ ಬದಲಿಸಬೇಕಾದ ದಿನಾಂಕ ಯಾವಾಗಲೋ ದಾಟಿಹೋಗಿತ್ತು. ಆಫೀಸಿನಲ್ಲಿ ಸರ್ವರ್‌ಗಳ ಅಲರ್ಟ್ ನೋಡೋದೇ ನನ್ನ ಕೆಲಸ, ಪದೇ ಪದೇ ಬರುವ ಸುಳ್ಳು ಅಲರ್ಟ್‌ನಿಂದ ನಿಜವಾದದ್ದು ತಪ್ಪಿಹೋಗುತ್ತೆ ಅಂತ ಹೊಸಬರಿಗೆ ಪಾಠ ಮಾಡುವವನೂ ನಾನೇ. ಹೆಂಡತಿ ಇದನ್ನು ಈಗಲೂ ಆಡಿಕೊಳ್ಳುತ್ತಾಳೆ.

ಟ್ಯೂಬ್ ಹೊಸದಾಯಿತು. ಟ್ರಫಲ್ ಎಣ್ಣೆ ತೆಗೆಯುವವರು ಮೊದಲೇ ಹೇಳಿ ತೆಗೆಯಬೇಕು, ವಾಸನೆ ಅಂತ ಯಾರು ಹೇಳಿದರೂ ಎದ್ದು ಹೋಗಿ ನೋಡಬೇಕು, ಇದು ಈಗ ಮನೆಯ ನಿಯಮ. ಅಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಸೊಸೆಯ ಹತ್ತಿರ ಫೋನ್ ಕೊಡು ಅಂದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ನನಗೆ ಸಿಕ್ಕ ಸಂದೇಶ ಒಂದೇ: ಮುಂದಿನ ಸಲ ಊರಿಗೆ ಬರುವಾಗ ಉಳಿದ ಟ್ರಫಲ್ ಉಪ್ಪು ತರಬೇಕಂತೆ, ಎಣ್ಣೆ ಬೇಡವಂತೆ.