ರೈನ್ ಸೇರುವ ಡ್ಯಾನ್ಯೂಬ್

ಜರ್ಮನಿಯ ನಕ್ಷೆಯಲ್ಲಿ ನದಿಗಳ ಲೆಕ್ಕ ಸರಳ. ರೈನ್, ವೇಸರ್, ಎಲ್ಬೆ ಉತ್ತರ ಸಮುದ್ರಕ್ಕೆ, ಓಡರ್ ಬಾಲ್ಟಿಕ್‌ಗೆ, ಡ್ಯಾನ್ಯೂಬ್ ಒಂದೇ ಪೂರ್ವಕ್ಕೆ ಹರಿದು ಕಪ್ಪು ಸಮುದ್ರಕ್ಕೆ. ಈ ಲೆಕ್ಕ ತಪ್ಪುವುದು ಡ್ಯಾನ್ಯೂಬ್‌ನ ವಿಷಯದಲ್ಲೇ.

ಮೊದಲಿಗೆ, ಅದು ಹುಟ್ಟುವ ಜಾಗ. ಡೊನಾವೆಶಿಂಗೆನ್ ಪಟ್ಟಣದ ಅರಮನೆ ತೋಟದಲ್ಲಿ ಕಲ್ಲು ಕಟ್ಟಿದ ದುಂಡನೆಯ ಕೊಳವಿದೆ. ಅದರ ಮೇಲೆ, ಈ ಸೀಮೆಯ ರೂಪಕವಾದ ತಾಯಿ ಬಾರ್ ತನ್ನ ಮಗಳು ಡ್ಯಾನ್ಯೂಬ್‌ಗೆ ದಾರಿ ತೋರುವ ಶಿಲ್ಪ. ನದಿಯ ಮೂಲ ಇದೇ ಎಂದು ಪ್ರವಾಸಿಗರು ನಂಬುತ್ತಾರೆ. ಆದರೆ ಈ ಊಟೆಯ ನೀರು ಸೇರುವುದು ಪಕ್ಕದಲ್ಲೇ ಹರಿಯುವ ಬ್ರಿಗಾಖ್ ಹೊಳೆಗೆ. ಬ್ರಿಗಾಖ್ ಮತ್ತು ಬ್ರೆಗ್ ಕೂಡಿದ ಮೇಲಷ್ಟೇ ಡ್ಯಾನ್ಯೂಬ್. ಎರಡರಲ್ಲಿ ಉದ್ದದ್ದು ಬ್ರೆಗ್. ಅದು ಹುಟ್ಟುವುದು ಫುರ್ಟ್‌ವಾಂಗೆನ್ ಬಳಿ, ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಲ್ಲಿ, 1078 ಮೀಟರ್ ಎತ್ತರದಲ್ಲಿ. ಸಮುದ್ರದಿಂದ ಅತಿ ದೂರದ ತುದಿಯನ್ನು ಮೂಲವೆನ್ನುವುದಾದರೆ ಆ ಗೌರವ ಸಲ್ಲಬೇಕಾದದ್ದು ಅಲ್ಲಿಗೆ.

ಇನ್ನೂ ದೊಡ್ಡ ಅಚ್ಚರಿ ಸ್ವಲ್ಪ ಕೆಳಗೆ, ಇಮೆಂಡಿಂಗೆನ್ ಬಳಿ ಇದೆ. ಇಲ್ಲಿ ನದಿಯ ತಳ ಸುಣ್ಣಕಲ್ಲಿನದು, ತುಂಬ ಬಿರುಕುಗಳು. ಬೇಸಿಗೆಯಲ್ಲಿ ನೀರೆಲ್ಲ ಆ ಬಿರುಕುಗಳಿಗೆ ಇಳಿದು, ಜನ ಒಣಗಿದ ಪಾತ್ರದ ಬೆಣಚುಗಲ್ಲುಗಳ ಮೇಲೆ ನಡೆದಾಡುತ್ತಾರೆ. ಹಾಗಾದರೆ ನೀರು ಹೋದದ್ದೆಲ್ಲಿಗೆ? ನೀರು ಕಳೆದುಕೊಳ್ಳುವ ಮತ್ತು ಪಡೆಯುವ ಎರಡೂ ಕಡೆಯ ಗಿರಣಿ, ಕಾರ್ಖಾನೆಗಳವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. 1877ರಲ್ಲಿ ಭೂವಿಜ್ಞಾನಿ ಅಡಾಲ್ಫ್ ಕ್ನೋಪ್ ಆ ಬಿರುಕುಗಳಿಗೆ ಸುಮಾರು 10 ಟನ್ ಉಪ್ಪು ಸುರಿಸಿದರು, ಹಸಿರು ಹೊಳೆಯುವ ಬಣ್ಣವನ್ನೂ ಹಾಕಿಸಿದರು. ಸುಮಾರು 60 ಗಂಟೆಗಳ ನಂತರ, 12 ಕಿ.ಮೀ. ದಕ್ಷಿಣಕ್ಕಿರುವ ಆಖ್‌ಟಾಫ್ ಬುಗ್ಗೆಯ ನೀರು ಹಸಿರಾಗಿ, ಉಪ್ಪಾಗಿ ಚಿಮ್ಮಿತು. ಸೆಕೆಂಡಿಗೆ ಸರಾಸರಿ 8000 ಲೀಟರ್‌ಗೂ ಮಿಕ್ಕಿ ನೀರು ಕೊಡುವ ಈ ಬುಗ್ಗೆಯ ಹೊಳೆ ಹರಿಯುವುದು ಕಾನ್‌ಸ್ಟನ್ಸ್ ಸರೋವರಕ್ಕೆ, ಅಲ್ಲಿಂದ ರೈನ್‌ಗೆ. ಅಂದರೆ ಡ್ಯಾನ್ಯೂಬ್‌ನ ಒಂದು ಪಾಲು ನೀರು ಕಪ್ಪು ಸಮುದ್ರದ ಮುಖವನ್ನೇ ನೋಡುವುದಿಲ್ಲ! ಸುಣ್ಣಕಲ್ಲು ಇಂದಿಗೂ ಕರಗುತ್ತಿದೆ, ಬಿರುಕುಗಳು ಹಿಗ್ಗುತ್ತಿವೆ.

ರೈನ್ ಬಗ್ಗೆ ಇರುವ ತಪ್ಪು ಬೇರೆ ಬಗೆಯದು. ಅದರ ಉದ್ದ 1320 ಕಿ.ಮೀ. ಎಂದು ದಶಕಗಟ್ಟಲೆ ವಿಶ್ವಕೋಶಗಳು ಅಚ್ಚು ಹಾಕಿದವು. ಹಳೆಯ ಆಕರಗಳನ್ನು ತಾಳೆ ನೋಡಿದ ಕಲೋನ್‌ನ ಜೀವವಿಜ್ಞಾನಿ ಬ್ರೂನೊ ಕ್ರೆಮರ್, ಅದು ಸುಮಾರು 1230 ಮಾತ್ರ ಎಂದು 2010ರಲ್ಲಿ ತೋರಿಸಿದರು. ಎಲ್ಲೋ ಯಾರೋ ಅಂಕಿ ಅದಲುಬದಲು ಮಾಡಿದ್ದನ್ನು ಉಳಿದವರು ಅಳೆಯದೆ ನಕಲು ಮಾಡಿಕೊಂಡಿದ್ದರು ಎಂಬುದು ಅವರ ಊಹೆ. ರೈನ್ ಪೂರ್ತಿ ಜರ್ಮನಿಯದೂ ಅಲ್ಲ: ಹುಟ್ಟು ಸ್ವಿಸ್ ಆಲ್ಪ್ಸ್‌ನಲ್ಲಿ, ಕೊನೆ ನೆದರ್‌ಲೆಂಡ್ಸ್‌ನಲ್ಲಿ, ಜರ್ಮನಿಯೊಳಗೆ ಹರಿಯುವುದು 865 ಕಿ.ಮೀ.

ಉಪನದಿ ಎಂದರೆ ಚಿಕ್ಕದು ಎಂಬ ನಂಬಿಕೆಯೂ ಇಲ್ಲಿ ನಿಲ್ಲುವುದಿಲ್ಲ. ಪಾಸಾವ್ ನಗರದಲ್ಲಿ ಡ್ಯಾನ್ಯೂಬ್ ಸೇರುವ ಇನ್ ನದಿ, ವರ್ಷದ ಸರಾಸರಿಯಲ್ಲಿ ಡ್ಯಾನ್ಯೂಬ್‌ಗಿಂತ ಹೆಚ್ಚು ನೀರು ತರುತ್ತದೆ. ಬರ್ಲಿನ್‌ನ ಸ್ಪ್ರೀ ಕೂಡ ಹಾಗೆಯೇ: ಸ್ಪಾಂಡಾವ್‌ನಲ್ಲಿ ಅದು ಸೇರುವ ಹಾಫೆಲ್‌ಗಿಂತ ಉದ್ದ ಅದೇ.