ಗುಂಡಿಗೆ ಗುರಿಯಾದ ನಡುಗಡ್ಡೆ

ಮುರುಡೇಶ್ವರಕ್ಕೆ ಹೋದ ಯಾತ್ರಿಕರು ಶಿವನ ಬೃಹದ್ವಿಗ್ರಹವನ್ನು ಕಣ್ತುಂಬ ನೋಡುತ್ತಾರೆ. ರಾಜಗೋಪುರವನ್ನೇರಿ ಕಡಲ ಗಾಳಿಗೆ ಮೈಯೊಡ್ಡುತ್ತಾರೆ. ಆಕಾಶ ತಿಳಿಯಾಗಿರುವ ದಿನ ಪಶ್ಚಿಮ ದಿಗಂತದಲ್ಲಿ ಮಸಿಯ ಬೊಟ್ಟಿನಂತೆ ಗುಡ್ಡವೊಂದು ಕಾಣುತ್ತದೆ. ಅದರತ್ತ ಗಮನ ಹರಿಸುವವರು ವಿರಳ. ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ತಲೆಯೆತ್ತಿ ನಿಂತಿರುವ ಆ ನಡುಗಡ್ಡೆಯೇ ನೇತ್ರಾಣಿ. ಆಂಗ್ಲ ನಾವಿಕರು ತಮ್ಮ ನಕ್ಷೆಗಳಲ್ಲಿ ಇದನ್ನು ‘ಪಿಜನ್ ಐಲೆಂಡ್’, ಎಂದರೆ ಪಾರಿವಾಳಗಳ ದ್ವೀಪವೆಂದು ಗುರುತಿಸಿದ್ದರು.

ಮನುಷ್ಯರ ವಸತಿ ಇಲ್ಲಿಲ್ಲ. ಆದರೂ ಭಟ್ಕಳ, ಮುರುಡೇಶ್ವರ, ಹೊನ್ನಾವರದ ಮೀನುಗಾರರಿಗೆ ಇದು ಅನ್ಯಸ್ಥಳವಲ್ಲ. ಅವರು ನಂಬಿ ನಡೆದುಕೊಳ್ಳುವ ಜಟ್ಟಿಗ ದೇವರ ನೆಲೆ ಇದೇ. ಹರಕೆ ಹೊತ್ತವರು ದೋಣಿಯಲ್ಲಿ ಮೇಕೆಗಳನ್ನು ತಂದು ದೇವರ ಹೆಸರಿನಲ್ಲಿ ಬಿಟ್ಟು ಹೋಗುವ ವಾಡಿಕೆ ಹಿಂದಿನಿಂದ ಬಂದದ್ದು. ಬಂಡೆಗಳ ನೆತ್ತಿಯ ಮರಗಳಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ನೀರಿನಡಿಯಲ್ಲಿ ಹವಳದ ತೋಟ. ಅದರ ಸಂದುಗಳಲ್ಲಿ ಬಣ್ಣಬಣ್ಣದ ಮೀನುಗಳ ಸಂಸಾರ. ಕರ್ನಾಟಕದ ಕರಾವಳಿಯಲ್ಲಿ ಹವಳದ ಬಂಡೆಗಳಿರುವ ತಾಣಗಳು ಬಹಳವಿಲ್ಲ. ಇಂದು ನೀರಿನಲ್ಲಿ ಮುಳುಗಿ ಅವುಗಳನ್ನು ನೋಡಿಬರಲು ಊರೂರುಗಳಿಂದ ಉತ್ಸಾಹಿಗಳು ಇಲ್ಲಿಗೆ ಬರುತ್ತಾರೆ.

ಇಂತಹ ನಡುಗಡ್ಡೆಯನ್ನು ನಮ್ಮ ನೌಕಾಪಡೆಯು ವರ್ಷಗಟ್ಟಲೆ ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿತು. ಶೋಧಕರಾಗಿ ಅಲ್ಲಿಗೆ ಹೋದವರಿಗೆ ಸಿಡಿದ ಗುಂಡುಗಳ ಚೂರುಗಳೂ ತುಕ್ಕು ಹಿಡಿದ ಸಿಡಿತಲೆಗಳ ಅವಶೇಷಗಳೂ ಕಂಡವು. ಜೀವಶಾಸ್ತ್ರಜ್ಞರೂ ಪರಿಸರ ಪ್ರೇಮಿಗಳೂ ಆಕ್ಷೇಪವೆತ್ತಿದರು.

ಒಂದು ಗುಂಡಿನ ಕೆಲಸ

ನೌಕಾಪಡೆಯ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅಭ್ಯಾಸವಿಲ್ಲದ ಕೈ ಆಪತ್ತಿನ ಗಳಿಗೆಯಲ್ಲಿ ಗುರಿ ತಪ್ಪುತ್ತದೆ. ಸಾವಿರಾರು ಕಿಲೋಮೀಟರ್ ಕರಾವಳಿಯನ್ನು ಕಾಯುವವರು ಎಲ್ಲಾದರೂ ತಾಲೀಮು ನಡೆಸಲೇಬೇಕು. ಜನವಸತಿಯಿಲ್ಲದ ಬಂಡೆಯನ್ನು ಅವರು ಆರಿಸಿಕೊಂಡದ್ದು ಜನರ ಪ್ರಾಣದ ಮೇಲಿನ ಕಾಳಜಿಯಿಂದಲೇ ಇದ್ದೀತು. ಆದರೆ ಜನರಿಲ್ಲದ ಸ್ಥಳವೆಂದರೆ ಜೀವವಿಲ್ಲದ ಸ್ಥಳವೆಂದು ಅರ್ಥವಲ್ಲ.

ಹವಳವು ಕಲ್ಲಿನಂತೆ ಕಂಡರೂ ಅದು ಅಸಂಖ್ಯ ಪುಟ್ಟ ಪ್ರಾಣಿಗಳು ಕಟ್ಟಿದ ಮನೆ. ಗುಂಡಾಗಿ ಬೆಳೆಯುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ನೂರು ವರ್ಷದ ದುಡಿಮೆಯನ್ನು ಒಂದು ಸಿಡಿಗುಂಡು ಕ್ಷಣಾರ್ಧದಲ್ಲಿ ಪುಡಿಮಾಡಬಲ್ಲದು. ಬಂಡೆ ಒಡೆದು ಜಾರಿದ ಮಣ್ಣುಪುಡಿ ಹವಳದ ಬಾಯಿ ಮುಚ್ಚಿ ಉಸಿರುಗಟ್ಟಿಸುತ್ತದೆ. ಶಬ್ದವು ಗಾಳಿಯಲ್ಲಿ ಚಲಿಸುವುದಕ್ಕಿಂತ ನೀರಿನಲ್ಲಿ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಿಂದ ಧಾವಿಸುತ್ತದೆ. ಸ್ಫೋಟದ ಆಘಾತಕ್ಕೆ ಮೀನಿನ ಒಡಲಿನ ಗಾಳಿಚೀಲ ಒಡೆಯುತ್ತದೆ. ಮೊಟ್ಟೆಯಿಟ್ಟ ಹದ್ದು ಬೆದರಿ ಗೂಡನ್ನು ತೊರೆದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು.

ಇಲ್ಲೊಂದು ವೈಚಿತ್ರ್ಯವೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳೂ ಸೇರಿದವು. ಎಂದರೆ, ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಉಂಟು. ನೆನಪಿಗೆಂದು ಒಂದು ತುಂಡನ್ನು ಕಿತ್ತು ಜೇಬಿಗಿಳಿಸಿದ ಪ್ರವಾಸಿಗ ಅಪರಾಧಿಯಾಗುತ್ತಾನೆ. ಅದೇ ಹವಳವನ್ನು ಬುಡಸಹಿತ ಒಡೆಯುವ ಗುಂಡಿಗೆ ಕೇಳುವವರು ಯಾರು?

ಯಾರನ್ನು ಕೇಳಬೇಕು?

ನಮ್ಮ ದೇಶದಲ್ಲಿ ಕೇಳುವ ಪದ್ಧತಿಯೇ ಇಲ್ಲವೆಂದಲ್ಲ. ಕಡಲಿನಿಂದ ಬಹುದೂರ, ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯವಿರುವ ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯನ್ನೇ ತೆಗೆದುಕೊಳ್ಳಬಹುದು. ನಾಳೆ ಆ ಊರಿನ ಬಳಿ ದೊಡ್ಡದೊಂದು ಗಣಿಯೋ ಸಿಮೆಂಟ್ ಕಾರ್ಖಾನೆಯೋ ಬರುವುದಾದರೆ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆ ನಡೆಯಬೇಕು. ಮೂವತ್ತು ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ಪ್ರಕಟಣೆ. ವರದಿಯ ಸಾರಾಂಶ ಕನ್ನಡದಲ್ಲಿ. ಜಿಲ್ಲಾಧಿಕಾರಿಗಳ ಅಥವಾ ಅವರ ಪ್ರತಿನಿಧಿಯ ಸಮಕ್ಷಮ ಸಭೆ. ಹೊಲ ಕಳೆದುಕೊಳ್ಳುವ ಭಯವಿರುವ ರೈತ ಎದ್ದು ನಿಂತು ತನ್ನ ಅಹವಾಲನ್ನು ಹೇಳಬಹುದು. ಅವನ ಮಾತು ದಾಖಲಾಗಲೇಬೇಕು. ಸಭೆ ಮುಗಿಯುವ ಮುನ್ನ ದಾಖಲಾದುದನ್ನು ಅವನ ಭಾಷೆಯಲ್ಲೇ ಓದಿ ಹೇಳಬೇಕು.

ಅದೇ ಅಧಿಸೂಚನೆಯು ರಾಷ್ಟ್ರದ ರಕ್ಷಣೆ ಮತ್ತು ಭದ್ರತೆಗೆ ಸಂಬಂಧಿಸಿದ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿದೆ. ಗುಂಡಿನ ಅಭ್ಯಾಸವಂತೂ ಅನುಮತಿ ಪಡೆಯಬೇಕಾದ ಯೋಜನೆಗಳ ಪಟ್ಟಿಯಲ್ಲೇ ಇಲ್ಲ. ಹೀಗಾಗಿ ಗೋವಿಂದನಹಳ್ಳಿಯ ರೈತನಿಗಿರುವ ಅವಕಾಶ ಮುರುಡೇಶ್ವರದ ಮೀನುಗಾರನಿಗೆ ತನ್ನ ಕಡಲಿನ ವಿಚಾರದಲ್ಲಿ ಇಲ್ಲ. ಗುಂಡು ಹಾರಿಸುವ ದಿನ ದೂರವಿರಿ ಎಂದು ಹಡಗುಗಳಿಗೂ ದೋಣಿಗಳಿಗೂ ಸೂಚನೆ ಹೊರಡುವುದು ಕಡಲಿನ ಪದ್ಧತಿ. ಆದರೆ ಎಚ್ಚರಿಕೆ ಕೊಡುವುದು ಬೇರೆ, ಅಭಿಪ್ರಾಯ ಕೇಳುವುದು ಬೇರೆ.

ನೆಲದ ಮೇಲಿನ ತಾಲೀಮಿಗೆ ಈ ವಿಷಯದಲ್ಲಿ ಹಳೆಯ ಕಾನೂನೊಂದುಂಟು. 1938ರ ಕಾಯಿದೆಯಂತೆ ಫಿರಂಗಿ ಅಭ್ಯಾಸಕ್ಕೆ ಪ್ರದೇಶವನ್ನು ಗೊತ್ತುಪಡಿಸುವ ಮೊದಲು ಸ್ಥಳೀಯ ಭಾಷೆಯಲ್ಲಿ ಪ್ರಕಟಣೆ ಹೊರಡಬೇಕು. ಬೆಳೆಗೋ ಆಸ್ತಿಗೋ ಹಾನಿಯಾದರೆ ಪರಿಹಾರ ಕೊಡಬೇಕು. ಇಂದಿನ ಜಾರ್ಖಂಡಿಗೆ ಸೇರಿದ ನೇತರ್‌ಹಾಟಿನಲ್ಲಿ ಆದಿವಾಸಿಗಳು 1994ರಿಂದ ಇಂತಹ ಫಿರಂಗಿ ಕ್ಷೇತ್ರವನ್ನು ಶಾಂತಿಯಿಂದ ವಿರೋಧಿಸುತ್ತ ಬಂದರು; 2022ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಅದರ ಅವಧಿಯನ್ನು ವಿಸ್ತರಿಸದಿರಲು ತೀರ್ಮಾನಿಸಿತು. ನೆಲದವರಿಗೆ ಹಿಡಿದು ನಿಲ್ಲಲು ಒಂದು ಕಾಗದವಿತ್ತು.

ಹೊರನಾಡಿನ ಪಾಠ

ಪೆಸಿಫಿಕ್ ಸಾಗರದ ಹವಾಯಿ ದ್ವೀಪಸಮೂಹದಲ್ಲಿ ಕಹೋಓಲಾವೆ ಎಂಬ ನಡುಗಡ್ಡೆಯಿದೆ. ಅಲ್ಲಿನ ಮೂಲನಿವಾಸಿಗಳಿಗೆ ಅದು ಪವಿತ್ರ. 1941ರಿಂದ ಅಮೆರಿಕದ ಸೈನ್ಯ ಅದರ ಮೇಲೆ ಬಾಂಬು ಸುರಿಯಿತು. ಜನರ ದೀರ್ಘ ಹೋರಾಟದ ಫಲವಾಗಿ 1990ರಲ್ಲಿ ಅದು ನಿಂತಿತು. ಅನಂತರ ಅಪಾರ ವೆಚ್ಚದಲ್ಲಿ ವರ್ಷಗಟ್ಟಲೆ ಶುದ್ಧಿಕಾರ್ಯ ನಡೆದರೂ ಸಿಡಿಯದ ಗುಂಡುಗಳು ಇನ್ನೂ ಅದರ ಮಣ್ಣಿನಲ್ಲಿ ಉಳಿದಿವೆ.

ಅದೇ ದೇಶದಲ್ಲಿ 1970ರಿಂದ ಜಾರಿಗೆ ಬಂದ ಕಾನೂನು ಸೈನ್ಯಕ್ಕೂ ಅನ್ವಯಿಸುತ್ತದೆ. ಆ ಕಾನೂನಿನ ಆಸರೆಯಲ್ಲಿ ಅಲ್ಲಿನ ನೌಕಾಪಡೆ ತನ್ನ ಕಡಲ ತಾಲೀಮುಗಳ ಬಗ್ಗೆ ಕರಡು ವರದಿ ಪ್ರಕಟಿಸಿ, ಕರಾವಳಿಯ ಊರುಗಳಲ್ಲಿ ಸಭೆ ಕರೆದು, ಜನರ ಆಕ್ಷೇಪಗಳಿಗೆ ಅಂತಿಮ ವರದಿಯಲ್ಲಿ ಉತ್ತರ ಬರೆಯುವ ಪರಿಪಾಠ ಬೆಳೆಯಿತು. 2000ದ ಮಾರ್ಚಿನಲ್ಲಿ ಬಹಾಮಾ ದ್ವೀಪಗಳ ದಡಕ್ಕೆ ತಿಮಿಂಗಿಲ ಜಾತಿಯ 17 ಪ್ರಾಣಿಗಳು ಬಂದು ಬಿದ್ದಾಗ, ತನ್ನ ಶಬ್ದಶೋಧಕ ಯಂತ್ರಗಳೇ ಬಹುಮಟ್ಟಿಗೆ ಕಾರಣವೆಂದು ನೌಕಾಪಡೆಯೂ ಸೇರಿ ಸಿದ್ಧಪಡಿಸಿದ ವರದಿ ಒಪ್ಪಿಕೊಂಡಿತು. ಹಾಗೆಂದು ಜನರ ಮಾತೇ ಸದಾ ಗೆದ್ದಿತೆಂದಲ್ಲ. 2008ರಲ್ಲಿ ಇಂತಹದೇ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ತೀರ್ಪು ನೌಕಾಪಡೆಯ ಕಡೆಗೇ ಬಂದಿತು. ಜನರನ್ನು ಕೇಳಿದ ಮಾತ್ರಕ್ಕೆ ದೇಶದ ರಕ್ಷಣೆ ಸಡಿಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮಲ್ಲೂ ಉದಾಹರಣೆಯಿಲ್ಲದಿಲ್ಲ. ಒಡಿಶಾದ ತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಲಕ್ಷಗಟ್ಟಲೆಯಾಗಿ ಮೊಟ್ಟೆಯಿಡಲು ಬರುತ್ತವೆ. 2024ರ ಜನವರಿಯಿಂದ ಮಾರ್ಚ್‌ವರೆಗೆ ಅವುಗಳ ಸಲುವಾಗಿ ಸಮೀಪದ ದ್ವೀಪದಲ್ಲಿ ಕ್ಷಿಪಣಿ ಪರೀಕ್ಷೆಯನ್ನು ತಡೆಹಿಡಿಯಲು ರಕ್ಷಣಾ ಸಂಶೋಧನಾ ಸಂಸ್ಥೆ ಒಪ್ಪಿತು. ಆಮೆಗೆ ದೊರೆತ ಈ ಮರ್ಯಾದೆ ಹವಳಕ್ಕೂ ಹದ್ದಿಗೂ ದೊರೆಯಬಾರದೇಕೆ?

ಗುಟ್ಟಿಗೆ ಧಕ್ಕೆಯಿಲ್ಲದ ಪ್ರಶ್ನೆಗಳು

ಉತ್ತರ ಕನ್ನಡದ ಜನ ರಾಷ್ಟ್ರರಕ್ಷಣೆಗೆ ವಿಮುಖರಾದವರಲ್ಲ. ಕಾರವಾರದ ಬಳಿ ‘ಸೀಬರ್ಡ್’ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. 2005ರಲ್ಲಿ ಅದು ಕದಂಬ ಎಂಬ ಹೆಸರಿನಿಂದ ಸೇವೆಗೆ ಸಿದ್ಧವಾಯಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ತೋಟ, ದೋಣಿ ಎಳೆಯುತ್ತಿದ್ದ ದಡಗಳನ್ನು ಬಿಟ್ಟುಕೊಟ್ಟವು. ಅಷ್ಟನ್ನು ಕೊಟ್ಟವರ ಮಾತನ್ನು ಒಂದು ನಡುಗಡ್ಡೆಯ ವಿಷಯದಲ್ಲಿ ಕೇಳುವುದು ಉಪಕಾರವಲ್ಲ, ಕರ್ತವ್ಯ.

ಯಾವ ಹಡಗು, ಯಾವ ಫಿರಂಗಿ ಎಂಬುದನ್ನು ಯಾರೂ ಕೇಳಬೇಕಾಗಿಲ್ಲ. ಹದ್ದು ಗೂಡು ಕಟ್ಟುವ ತಿಂಗಳು ಯಾವುದು? ಹವಳ ದಟ್ಟವಾಗಿರುವ ಮಗ್ಗುಲು ಯಾವುದು? ಬಂಡೆಯ ಬದಲು ತೇಲುವ ಗುರಿಯಾದರೆ ಆಗದೆ? ಸಿಡಿಯದೆ ಉಳಿದ ಗುಂಡನ್ನು ತೆಗೆಯುವವರಾರು? ದೋಣಿ ಇಳಿಸಲಾಗದ ದಿನದ ಕೂಲಿ ತುಂಬುವವರಾರು? ಈ ಪ್ರಶ್ನೆಗಳಿಂದ ಶತ್ರುವಿಗೆ ಯಾವ ಗುಟ್ಟೂ ರಟ್ಟಾಗದು. ಕೆಲವಕ್ಕೆ ಉತ್ತರ ವಿಜ್ಞಾನಿಗಳಲ್ಲಿದೆ. ಕೆಲವಕ್ಕೆ, ಆ ನೀರಿನ ಸುಳಿ ಸೆಳವುಗಳನ್ನೆಲ್ಲ ಬಲ್ಲ ಮೊಗೇರ, ಖಾರ್ವಿ ಹಿರಿಯರಲ್ಲಿ.

ನೌಕಾಪಡೆ ಕಾಯುವುದು ಬರಿಯ ನೀರಿನ ಗಡಿಯನ್ನಲ್ಲ, ಆ ನೀರನ್ನು ನಂಬಿ ಬದುಕಿರುವವರನ್ನು. ಕಾಯುವವರೂ ಕಾಯಲ್ಪಡುವವರೂ ಒಮ್ಮೆ ಎದುರುಬದುರು ಕುಳಿತು ಮಾತನಾಡಿದರೆ ಎರಡು ಕಡೆಗೂ ಲಾಭವಲ್ಲದೆ ನಷ್ಟವಿಲ್ಲ. ನೇತ್ರಾಣಿಯ ಹವಳಕ್ಕೆ ಬಾಯಿಲ್ಲ. ಅದರ ಪರವಾಗಿ ಆಡಬಲ್ಲವರಿಗೆ ಕೂರಲು ಒಂದು ಕುರ್ಚಿಯಾದರೂ ಬೇಕು.