ಹುಲ್ಲು ಒಲ್ಲೆನೆನ್ನುವ ಮೊಲ

ಸುಗ್ಗಿ ಮುಗಿದ ಮೇಲೆ ಹಿರಿಯೂರು ಸೀಮೆಯ ಯಾವ ಹಳ್ಳಿಗೆ ಹೋದರೂ ಕಣದ ಮಗ್ಗುಲಲ್ಲಿ ರಾಗಿಹುಲ್ಲಿನ ಬಣವೆ, ಅದರಾಚೆ ಜೋಳದ ಸಪ್ಪೆ, ಶೇಂಗಾ ಹೊಟ್ಟಿನ ಗುಡ್ಡೆ ಕಣ್ಣಿಗೆ ಬೀಳುತ್ತವೆ. ಇಷ್ಟೆಲ್ಲ ಇದ್ದೂ ಪೇಟೆಯ ಮನೆಗಳಲ್ಲಿ ಮೊಲ ಸಾಕಿದವರ ಗೋಳು ಒಂದೇ: ಹುಲ್ಲು ಹಾಕಿದರೆ ಮೂಸಿಯೂ ನೋಡುವುದಿಲ್ಲ, ಕ್ಯಾರೆಟ್ ಎಂದರೆ ಓಡಿ ಬರುತ್ತದೆ. ತಿಂದು ಕೊಬ್ಬಿದೆ ಎಂದು ಬೈದು ಸುಮ್ಮನಾಗುತ್ತಾರೆ. ನನ್ನ ಪ್ರಕಾರ ಇದರಲ್ಲಿ ಮೊಲದ ತಪ್ಪು ಬಹಳ ಕಡಿಮೆ. ಅದಕ್ಕೆ ಬಾಲ್ಯದಲ್ಲಿ ಸಿಕ್ಕ ಪಾಠ ಬೇರೆ, ನಾವು ಮುಂದಿಡುವ ಹುಲ್ಲೂ ಬೇರೆ.

ಹೊಲದ ಬದುವಿನಿಂದ ದಿಢೀರನೆ ಜಿಗಿದೋಡುವ ನಮ್ಮ ಕಾಡುಮೊಲಕ್ಕೂ ಗೂಡಿನಲ್ಲಿರುವ ಸಾಕುಮೊಲಕ್ಕೂ ನಂಟು ದೂರದ್ದು. ಕಾಡುಮೊಲದ ಜೀವಕೋಶದಲ್ಲಿ 48 ವರ್ಣತಂತುಗಳಿದ್ದರೆ ಸಾಕುಮೊಲಕ್ಕೆ 44. ಸಾಕುಮೊಲದ ಪೂರ್ವಿಕರು ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸಿನ ಬಿಲವಾಸಿಗಳು. ಒರಟು ಹುಲ್ಲು, ಕುರುಚಲು ಗಿಡ ತಿಂದು ಬದುಕಲೆಂದೇ ಅವುಗಳ ಬಾಯಿ, ಹೊಟ್ಟೆ ಎರಡೂ ರೂಪುಗೊಂಡಿವೆ.

ಮೊದಲು ಬಾಯಿ ನೋಡೋಣ. ಮೊಲದ 28 ಹಲ್ಲುಗಳೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಎರಡರಿಂದ ಮೂರು ಮಿಲಿಮೀಟರ್ ಬೆಳೆಯುತ್ತದೆ, ಅಂದರೆ ಸವೆಯದೇ ಹೋದರೆ ವರ್ಷಕ್ಕೆ ಸುಮಾರು ಗೇಣರ್ಧ. ಹುಲ್ಲಿನ ಗರಿಯೊಂದನ್ನು ಕೊಟ್ಟು ಹತ್ತಿರ ಕೂತು ನೋಡಿ. ಮುಂದಿನ ಹಲ್ಲು ಅದನ್ನು ಕಚಕ್ಕನೆ ತುಂಡು ಮಾಡುತ್ತದೆ, ನಾಲಿಗೆ ಒಳಕ್ಕೆ ತಳ್ಳುತ್ತದೆ. ಆಮೇಲೆ ಕೆಳದವಡೆ ಅಡ್ಡಡ್ಡ ಓಡಾಡಲು ಶುರು. ನಿಮಿಷಕ್ಕೆ ನೂರರ ಆಸುಪಾಸು ಸಲ ಅಗಿಯುತ್ತಾ ಗರಿ ಇಂಚಿಂಚೇ ಒಳಗೆ ಹೋಗುತ್ತದೆ. ಹುಲ್ಲಿನಲ್ಲಿರುವ ಮರಳಿನ ಜಾತಿಯ ಸಿಲಿಕಾ ಕಣಗಳು ಆ ಹೊತ್ತಿನಲ್ಲಿ ದವಡೆಹಲ್ಲನ್ನು ಅರೆದು ಸಮ ಮಾಡುತ್ತವೆ. ಅಂಗಡಿಯ ಗುಳಿಗೆಮೇವು ತಿನ್ನುವಾಗ ದವಡೆ ಮೇಲೆ ಕೆಳಗೆ ಆಡಿದರೆ ಮುಗಿಯಿತು, ಅರೆಯುವ ಕೆಲಸವೇ ಇಲ್ಲ. ಸವೆಯದ ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ, ನಾಲಿಗೆಗೆ ಚುಚ್ಚುತ್ತದೆ. ನೋವಿಗೆ ಮೊಲ ಹುಲ್ಲು ಬಿಡುತ್ತದೆ, ಬಿಟ್ಟಷ್ಟೂ ಹಲ್ಲು ಇನ್ನೂ ಬೆಳೆಯುತ್ತದೆ.

ಹೊಟ್ಟೆಯ ಕಥೆ ಇನ್ನೂ ಸ್ವಾರಸ್ಯದ್ದು. ಕುರಿ ತಿಂದ ಹುಲ್ಲು ಮೊದಲು ದೊಡ್ಡ ಹೊಟ್ಟೆಯಲ್ಲಿ ಹುದುಗಿ, ಮೆಲುಕಿಗೆ ಬಂದು, ಆಮೇಲೆ ಸಣ್ಣ ಕರುಳಿಗೆ ಇಳಿಯುತ್ತದೆ. ಮೊಲದ ಏರ್ಪಾಡು ಉಲ್ಟಾ. ಹುದುಗುವ ಕೆಲಸ ನಡೆಯುವ ಕುರುಡುಗರುಳು ಬರುವುದೇ ಸಣ್ಣ ಕರುಳು ಮುಗಿದ ಮೇಲೆ. ಅಲ್ಲಿ ಸೂಕ್ಷ್ಮಜೀವಿಗಳು ತಯಾರಿಸಿದ ಪ್ರೋಟೀನು, ಬಿ ಮತ್ತು ಕೆ ಜೀವಸತ್ವಗಳನ್ನು ಹೀರಿಕೊಳ್ಳಲು ಮುಂದೆ ಜಾಗವಿಲ್ಲ. ಹಾಗಾಗಿ ಅದು ದ್ರಾಕ್ಷಿಗೊಂಚಲಿನಂಥ ಮೆದು ಹಿಕ್ಕೆಯಾಗಿ ಹೊರಬರುತ್ತದೆ, ಮೊಲ ಬಗ್ಗಿ ನೇರವಾಗಿ ಅದನ್ನು ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ನಮಗೆ ಅಸಹ್ಯ, ಅದಕ್ಕೆ ಎರಡನೇ ಊಟ. ನೆಲದ ಮೇಲೆ ಬಿದ್ದಿರುವ ಒಣ ಗುಂಡು ಹಿಕ್ಕೆ ಬೇರೆಯದು, ಅದು ಜೀರ್ಣವಾಗದ ಉದ್ದ ನಾರು. ಆ ನಾರಿನಿಂದ ಪುಷ್ಟಿ ಸಿಗದಿದ್ದರೂ ಕರುಳು ಚಲಿಸುತ್ತಿರುವುದು ಅದರ ಒತ್ತಡದಿಂದಲೇ. ನಾರು ಕಡಿಮೆಯಾಗಿ ಪಿಷ್ಟ ಹೆಚ್ಚಾದರೆ ಕರುಳು ನಿಧಾನವಾಗುತ್ತದೆ, ಗ್ಯಾಸು ತುಂಬುತ್ತದೆ, ಕುರುಡುಗರುಳಿನಲ್ಲಿ ಬೇಡದ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಮಕ್ಕಳು ಪ್ರೀತಿಯಿಂದ ಹಾಕುವ ಮಂಡಕ್ಕಿ, ಬಿಸ್ಕೆಟ್ಟು, ರೊಟ್ಟಿಚೂರು ಮಾಡುವ ಉಪದ್ರವ ಇದೇ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ.

ಹೀಗಿದ್ದೂ ಹುಲ್ಲು ಬಿಟ್ಟು ಸಿಹಿ ಯಾಕೆ ಆರಿಸುತ್ತದೆ? ಬಯಲಿನಲ್ಲಿ ಎಳೆಯ ಚಿಗುರು, ಸಾರವುಳ್ಳ ತುದಿ ಅಪರೂಪ. ಸಿಕ್ಕಾಗ ಅದನ್ನೇ ಮೊದಲು ತಿನ್ನುವ ಮೊಲ ಬದುಕುಳಿಯುತ್ತಿತ್ತು. ಅದೇ ಬುದ್ಧಿ ಮನೆಯಲ್ಲಿ, ಬಟ್ಟಲು ಸದಾ ತುಂಬಿರುವ ಕಡೆ, ತಿರುಗಿ ಹೊಡೆಯುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕಾಳು, ಚೂರು ಬೆರೆಸಿದ ಮಿಶ್ರಮೇವು ಸಿಕ್ಕ ಮೊಲಗಳು ಬೇಕಾದ್ದನ್ನಷ್ಟೇ ಹೆಕ್ಕಿ ತಿಂದು, ಪಕ್ಕದಲ್ಲಿದ್ದ ಹುಲ್ಲನ್ನು ಕಡಿಮೆ ಮಾಡಿದವು. ಬರೀ ಮಿಶ್ರಮೇವಿನ ಮೇಲಿದ್ದವುಗಳ ದವಡೆಹಲ್ಲು ಉದ್ದವಾಗಿ ಬಾಗಿದವು.

ರುಚಿ ಕಲಿಯುವುದು ತಾಯಿಯಿಂದ. 1990ರ ದಶಕದಲ್ಲಿ ಬಿಲ್ಕೊ, ಆಲ್ಟ್‌ಬಾಕರ್, ಹಡ್ಸನ್ ಎಂಬ ವಿಜ್ಞಾನಿಗಳು ಬಸಿರಿಯಾದ, ಹಾಲೂಡುವ ಮೊಲಗಳಿಗೆ ಜುನಿಪರ್ ಎಂಬ ಗಾಢ ವಾಸನೆಯ ಗಿಡ ತಿನ್ನಿಸಿದರು. ಮರಿಗಳು ಹಾಲು ಬಿಟ್ಟ ಮೇಲೆ ಅದೇ ಗಿಡವನ್ನು ಇಷ್ಟಪಟ್ಟವು. ಸುದ್ದಿ ತಲುಪಿದ್ದು ಗರ್ಭದಲ್ಲಿ, ಹಾಲಿನಲ್ಲಿ, ತಾಯಿ ಗೂಡಿನಲ್ಲಿ ಬಿಟ್ಟುಹೋಗುವ ಹಿಕ್ಕೆಯಲ್ಲಿ ಬರುವ ವಾಸನೆಯ ಮೂಲಕ. ಗುಳಿಗೆಮೇವು ತಿಂದ ತಾಯಿಯ ಮರಿ, ಅಂಗಡಿಯ ಪಂಜರದಲ್ಲಿ ಎಲೆಕೋಸು ತಿಂದು ಬೆಳೆದದ್ದು, ಒಣಹುಲ್ಲನ್ನು ಹಾಸಿಗೆ ಎಂದುಕೊಂಡರೆ ಆಶ್ಚರ್ಯವೇನು?

ಇನ್ನು ನಮ್ಮ ಹುಲ್ಲಿಗೆ ಬರೋಣ. ಬಣವೆಯಲ್ಲಿರುವುದು ಕಾಳು ಬಿಡಿಸಿಕೊಂಡ ಮೇಲೆ ಉಳಿದ ಕಡ್ಡಿ. ಸಸ್ಯ ತನ್ನ ಸತ್ವವನ್ನೆಲ್ಲ ತೆನೆಗೆ ಕಳಿಸಿ ಒಣಗಿರುತ್ತದೆ. ಎತ್ತಿಗೆ ಅದು ನಡೆಯುತ್ತದೆ, ಮೊಲಕ್ಕೆ ಅದೊಂದೇ ಆದರೆ ಸಾಲದು. ಶೇಂಗಾ ಹೊಟ್ಟು ಅಪಾಯದ್ದು. ಒದ್ದೆಯಾದ ಹೊಟ್ಟಿನಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ, ಆ ವಿಷಕ್ಕೆ ಅತಿ ಬೇಗ ಬಲಿಯಾಗುವ ಪ್ರಾಣಿಗಳಲ್ಲಿ ಮೊಲವೂ ಒಂದು. ಕುದುರೆ ಮಸಾಲೆ ಸೊಪ್ಪು ಮರಿಗೆ ಸರಿ, ಆರು ತಿಂಗಳು ದಾಟಿದ ಮೇಲೆ ಬೇಡ. ಮೊಲದ ಕರುಳು ಆಹಾರದಲ್ಲಿ ಸಿಕ್ಕಷ್ಟು ಸುಣ್ಣವನ್ನೂ ಹೀರಿ ಹೆಚ್ಚಾದದ್ದನ್ನು ಮೂತ್ರಕ್ಕೆ ಬಿಡುತ್ತದೆ. ಮೂತ್ರ ಗಟ್ಟಿ ಸುಣ್ಣದ ನೀರಿನಂತಾಗುವುದು, ಮೂತ್ರಕೋಶದಲ್ಲಿ ಕೆಸರು ಕೂರುವುದು ಅದರಿಂದಲೇ. ಸುಬಾಬುಲ್ ಸೊಪ್ಪಿನಲ್ಲಿ ಕೂದಲು ಉದುರಿಸುವ ಮಿಮೋಸಿನ್ ಇದೆ.

ಸುಲಭದ ದಾರಿ ಗರಿಕೆ. ಹಿರಿಯೂರಿಗೆ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಹಸ್ತ, ಚಿತ್ತೆಯ ಹೊತ್ತಿಗೆ. ಆಗ ಬದುವಿನ ಗರಿಕೆ, ಅಂಜನ್ ಹುಲ್ಲು ಹುಲುಸಾಗಿರುತ್ತವೆ. ತೆನೆ ಬಿಡುವ ಮೊದಲೇ ಕೊಯ್ದು, ಗಾಳಿಯಾಡುವ ನೆರಳಲ್ಲಿ ತೆಳ್ಳಗೆ ಹರಡಿ ಒಣಗಿಸಬೇಕು. ಕಡ್ಡಿ ಬಗ್ಗದೆ ಪಟ್ಟನೆ ಮುರಿದರೆ ಒಣಗಿದೆ ಎಂದರ್ಥ. ಹಸಿರು ಬಣ್ಣ, ಸಿಹಿ ವಾಸನೆ ಉಳಿದಿರಬೇಕು. ಕಳೆನಾಶಕ ಹೊಡೆದ ಹೊಲದ್ದು, ಹೆದ್ದಾರಿ ಪಕ್ಕದ್ದು ಬೇಡ. ಬಟ್ಟೆಗೆ ಚುಚ್ಚಿಕೊಳ್ಳುವ ಸೂಜಿಮೊನೆಯ ತೆನೆಯ ಹುಲ್ಲೂ ಬೇಡ, ಬಾಯಿ, ಕಣ್ಣಿಗೆ ನಾಟುತ್ತದೆ. ಚೌತಿ ಪೂಜೆಗೆ ಏರಿಸಿದ ಗರಿಕೆ ತಂದು ಹಾಕುವವರೂ ಇದ್ದಾರೆ, ಕುಂಕುಮ ಸಿಡಿದಿದ್ದರೆ ಗಣಪತಿಗೇ ಇರಲಿ. ಯಾವ ಹುಲ್ಲಿನ ಬಗ್ಗೆ ಅನುಮಾನವಿದ್ದರೂ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ ಕೇಳಬಹುದು.

ಒಣಗರಿಕೆ ಸಿದ್ಧವಾಯಿತು ಎಂದು ಒಂದೇ ದಿನದಲ್ಲಿ ಗುಳಿಗೆ ನಿಲ್ಲಿಸಬೇಡಿ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 25 ಗ್ರಾಂ ಗುಳಿಗೆ ಮಿತಿ. ಅಷ್ಟಕ್ಕೆ ಇಳಿಸಲು ಎರಡು ಮೂರು ವಾರ ತೆಗೆದುಕೊಳ್ಳಿ. ಮೊಲಕ್ಕೆ ಹಸಿವು ಹೆಚ್ಚುವುದು ನಸುಕಿನಲ್ಲಿ ಮತ್ತು ಸಂಜೆಗತ್ತಲಲ್ಲಿ. ಆ ಹೊತ್ತಿಗೆ ಹೊಸ ಹುಲ್ಲು ಮೊದಲು, ಗುಳಿಗೆ ಆಮೇಲೆ. ಹಿಕ್ಕೆ ಹಾಕುವ ಮೂಲೆಯ ಎದುರಿಗೇ ಹುಲ್ಲು ಇಡಿ, ಹಾಗೆ ಕೂತೇ ತಿನ್ನುವುದು ಮೊಲದ ಚಾಳಿ. ಒಣಗಿಸಿದ ಪುದೀನ, ಕೊತ್ತಂಬರಿ ನಡುನಡುವೆ ಸಿಕ್ಕಿಸಿದರೆ ಹುಡುಕುವ ನೆಪದಲ್ಲಿ ಹುಲ್ಲೂ ಬಾಯಿಗೆ ಹೋಗುತ್ತದೆ. ಹುಲ್ಲು ತಿನ್ನುವ ಇನ್ನೊಂದು ಮೊಲ ಜೊತೆಗಿದ್ದರೆ ಅರ್ಧ ಕೆಲಸ ಹಗುರ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೆವರದ ಈ ಪ್ರಾಣಿ ಸೆಕೆಗೆ ಊಟ ಕಡಿಮೆ ಮಾಡುತ್ತದೆ, ನೆರಳು ಮತ್ತು ನೀರು ಸರಿಮಾಡದೆ ಹುಲ್ಲಿಗೆ ದೂರಬೇಡಿ.

ಹಸಿವಾದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡಹುವುದು ಮಾತ್ರ ಅಪಾಯ. ದಪ್ಪ ಮೊಲದ ಯಕೃತ್ತಿನಲ್ಲಿ ಬೇಗ ಕೊಬ್ಬು ತುಂಬುತ್ತದೆ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಬೀಳದೆ ಇದ್ದರೆ ಬೆಳಗಾಗಲಿ ಎನ್ನದೆ ಪಶುವೈದ್ಯರ ಬಳಿ ಒಯ್ಯಬೇಕು. ಇದ್ದಕ್ಕಿದ್ದಂತೆ ಹುಲ್ಲು ಬಿಟ್ಟರೆ, ಜೊಲ್ಲು ಸುರಿದು ಗಲ್ಲ ಒದ್ದೆಯಾದರೆ ಹಲ್ಲು ನೋಡಿಸಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಗುಳಿಗೆಯನ್ನು ಪುಡಿ ಮಾಡಿ ಕುಡಿಸಬೇಡಿ, ಅದು ಕುರುಡುಗರುಳಿನ ಒಳ್ಳೆಯ ಜೀವಾಣುಗಳನ್ನೇ ಕೊಂದು ಮೊಲದ ಪ್ರಾಣಕ್ಕೆ ಕುತ್ತು ತರುತ್ತದೆ.